ಕೋವಿಡ್ ಟೈಮಲ್ಲಿ ಅಮೆರಿಕದ ಕಡಿಮೆ ಬಾಡಿಗೆ ಮನೆಗಳಲ್ಲಿ ಬಾಡಿಗೆ ವಸೂಲಿ ಹೇಗ್ ನಡೀತು? ಗೊತ್ತಿರೋರು ಹೇಳಿ ಪ್ಲೀಸ್

ಪ್ರಶ್ನೆಪುಟ್ಟಿ:
ಎಲ್ರಿಗೂ ನಮಸ್ಕಾರ. ಎಂಎಸ್‌ಡಬ್ಲ್ಯೂ ಮಾಡ್ತಿದೀನಿ, ಸೆಮಿನಾರ್‌ಗೆ ಅಮೆರಿಕದ ಅಫೋರ್ಡಬಲ್ ಹೌಸಿಂಗ್ ತಗೊಂಡಿದೀನಿ, ಅದ್ರಲ್ಲೂ 2020-21ರಲ್ಲಿ ಬಾಡಿಗೆ ಹೇಗೆ ವಸೂಲಿ ಮಾಡಿದ್ರು, ಕಟ್ಟೋಕಾಗ್ದೇ ಇರೋರಿಗೆ ಏನು ಸಹಾಯ ಸಿಕ್ತು ಅಂತ. ಓದ್ತಾ ಓದ್ತಾ ತಲೆ ಕೆಟ್ಟೋಗಿದೆ. ಒಂದ್ ಕಡೆ ಯಾರನ್ನೂ ಮನೆ ಖಾಲಿ ಮಾಡಿಸ್ಬೇಡಿ ಅಂತ ಸರ್ಕಾರ ಹೇಳಿದೆ, ಇನ್ನೊಂದ್ ಕಡೆ ಬಾಡಿಗೆ ಬಾಕಿ ಹಾಗೇ ಇರುತ್ತೆ ಅಂತನೂ ಹೇಳಿದೆ. ಖಾಲಿ ಮಾಡಿಸೋ ಹಾಗಿಲ್ಲ ಅಂದ್ಮೇಲೆ ಜನ ಯಾಕ್ ಕಟ್ತಾರೆ? ಕಟ್ದೇ ಇದ್ರೆ ಈ ಮನೆಗಳನ್ನ ನಡೆಸೋ ನಾನ್‌ಪ್ರಾಫಿಟ್ ಸಂಸ್ಥೆಗಳು ಹೇಗ್ ನಡೆದ್ವು? ಲಾಭಕ್ಕೆ ನಡೆಸೋರಲ್ವಲ್ಲ, ಮನ್ನಾನೇ ಮಾಡಿಬಿಡಬಹುದಿತ್ತಲ್ವಾ?

ಹಳೇ_ಲೆಡ್ಜರ್:
ನಾನು ಆಗ ಅಲ್ಲಿ ಇಂಥದೇ ಒಂದು ನಾನ್‌ಪ್ರಾಫಿಟ್ ಸಂಸ್ಥೆಯ ಅಕೌಂಟ್ಸ್‌ನಲ್ಲಿದ್ದೆ. ಕೊನೇ ಪ್ರಶ್ನೆಯಿಂದಲೇ ಶುರು ಮಾಡ್ತೀನಿ. ಮನ್ನಾ ಮಾಡೋಕೆ ಮೊದ್ಲು ಕೈಯಲ್ಲಿ ದುಡ್ಡಿರ್ಬೇಕಲ್ಲಮ್ಮ. ಕಟ್ಟಡದ ಸಾಲದ ಕಂತು, ಇನ್ಶೂರೆನ್ಸ್, ನೀರು, ಲಿಫ್ಟ್ ರಿಪೇರಿ, ಸ್ಟಾಫ್ ಸಂಬಳ ಎಲ್ಲಾ ಆ ಬಾಡಿಗೆಯಿಂದಲೇ ಹೋಗ್ಬೇಕು, ಬಾಡಿಗೆ ಕಡಿಮೆ ಇಟ್ಟಿರೋದ್ರಿಂದ ಉಳಿಯೋದೂ ಅಷ್ಟಕ್ಕಷ್ಟೆ. ಅದರ ಮೇಲೆ ಆ ವರ್ಷ ಸ್ಯಾನಿಟೈಸ್ ಮಾಡೋ ಖರ್ಚು ಬೇರೆ. ಕೆಲವು ತಿಂಗಳು ಬಾಡಿಗೆ ಬರ್ಲಿಲ್ಲ ಅಂದ್ರೆ ಮೊದ್ಲು ನಿಲ್ಲೋದು ರಿಪೇರಿ, ಅದರ ಪೆಟ್ಟು ಬೀಳೋದು ಮತ್ತೆ ಅದೇ ಬಾಡಿಗೆದಾರರಿಗೆ.

ಇನ್ನೊಂದು ವಿಷ್ಯ, ಇದನ್ನ ಸೆಮಿನಾರ್‌ನಲ್ಲಿ ಬಿಡಬೇಡ. ಅಫೋರ್ಡಬಲ್ ಹೌಸಿಂಗ್ ಅಂತ ಒಂದೇ ಹೆಸರಿದ್ರೂ ಒಳಗಡೆ ಎರಡು ಬೇರೆ ಬೇರೆ ಲೆಕ್ಕ ನಡೆಯುತ್ತೆ. ಸೆಕ್ಷನ್ 8 (ಖಾಸಗಿ ಮನೆ ಬಾಡಿಗೆಗೆ ಸರ್ಕಾರದ ಸಬ್ಸಿಡಿ), ಪಬ್ಲಿಕ್ ಹೌಸಿಂಗ್ (ಸರ್ಕಾರಿ ಮನೆಗಳು) ಇಂಥವುಗಳಲ್ಲಿ ಸಾಮಾನ್ಯವಾಗಿ ಕುಟುಂಬದ ಆದಾಯದಲ್ಲಿ ಕೆಲವು ಖರ್ಚು ಕಳೆದು ಉಳಿದಿದ್ದರ 30% ಬಾಡಿಗೆ. ಕೆಲ್ಸ ಹೋಯ್ತಾ, ಆಫೀಸಿಗೆ ತಿಳಿಸಿದ್ರೆ ಹೊಸದಾಗಿ ಲೆಕ್ಕ ಹಾಕಿ ಬಾಡಿಗೆ ಇಳಿಸ್ತಾರೆ, ಸೆಕ್ಷನ್ 8ರಲ್ಲಾದ್ರೆ ಕಮ್ಮಿಯಾಗಿದ್ದನ್ನ ಸಬ್ಸಿಡಿ ತುಂಬುತ್ತೆ. ಆದ್ರೆ 1986ರಲ್ಲಿ ಬಂದ ಟ್ಯಾಕ್ಸ್ ಕ್ರೆಡಿಟ್ ಸ್ಕೀಮಿನ (ಕಡಿಮೆ ಬಾಡಿಗೆ ಮನೆ ಕಟ್ಟೋರಿಗೆ ತೆರಿಗೆ ರಿಯಾಯ್ತಿ) ಕಟ್ಟಡಗಳಲ್ಲಿ ಹಾಗಿಲ್ಲ. ಅಲ್ಲಿ ಬಾಡಿಗೆಯ ಮಿತಿ ಆ ಏರಿಯಾದ ಮಧ್ಯಮ ಆದಾಯದ (ಅರ್ಧ ಕುಟುಂಬಗಳು ಇದಕ್ಕಿಂತ ಮೇಲೆ, ಅರ್ಧ ಕೆಳಗೆ) ಲೆಕ್ಕದಲ್ಲಿ ನಿಗದಿ ಆಗುತ್ತೆ, ನಿಮ್ಮ ಸಂಬಳ ನೋಡಿ ಅಲ್ಲ. ಹೋಟೆಲ್ ಕೆಲಸ ಮಾಡ್ತಿದ್ದೋರಿಗೆ ಒಂದೇ ದಿನಕ್ಕೆ ಸಂಬಳ ನಿಂತೋಯ್ತು, ಬಾಡಿಗೆ ಮಾತ್ರ ಅಷ್ಟೇ. ನಮ್ಮ ಬಾಕಿಯಲ್ಲಿ ಜಾಸ್ತಿ ಪಾಲು ಬಂದಿದ್ದು ಈ ಕಟ್ಟಡಗಳಿಂದಲೇ.

ಕಾನೂನುಕಟ್ಟೆ:
ತಾರೀಖುಗಳು ನಾನು ಹಾಕ್ತೀನಿ, ಇದ್ರಲ್ಲಿ ತುಂಬಾ ಜನ ಎಡವ್ತಾರೆ. ಮಾರ್ಚ್ 27, 2020ಕ್ಕೆ ಕೇರ್ಸ್ ಆಕ್ಟ್, ಅಂದ್ರೆ ಕೋವಿಡ್ ಪರಿಹಾರದ ಕಾನೂನು, ಬಂತು, ಫೆಡರಲ್ ಸಾಲ ಅಥವಾ ಸಬ್ಸಿಡಿ ಇರೋ ಕಟ್ಟಡಗಳಲ್ಲಿ ಬಾಡಿಗೆ ಕಟ್ಟಿಲ್ಲ ಅಂತ ಹೊಸ ಕೇಸ್ ಹಾಕೋ ಹಾಗಿಲ್ಲ, ಲೇಟ್ ಫೀನೂ ಹಾಕೋ ಹಾಗಿಲ್ಲ, 120 ದಿನ. ಅದು ಜುಲೈ 24ಕ್ಕೆ ಮುಗೀತು. ಮುಗಿದ್ಮೇಲೂ ಖಾಲಿ ಮಾಡಿ ಅನ್ನೋಕೆ 30 ದಿನದ ನೋಟಿಸ್ ಕೊಡ್ಬೇಕಿತ್ತು. ಆಮೇಲೆ ಸೆಪ್ಟೆಂಬರ್ 4ಕ್ಕೆ ಸಿಡಿಸಿ, ಅಂದ್ರೆ ಆರೋಗ್ಯದ ಸಂಸ್ಥೆ, ಒಂದು ಆದೇಶ ತಂತು. ಮನೆ ಬಿಟ್ಟ ಜನ ಒಂದೇ ಕಡೆ ಗುಂಪಾಗಿ ಸೇರಿದ್ರೆ ಸೋಂಕು ಹರಡುತ್ತೆ ಅನ್ನೋದು ಅದರ ವಾದ. ಆದ್ರೆ ಅದು ತಾನಾಗೇ ಸಿಗ್ತಿರಲಿಲ್ಲ, ಬಾಡಿಗೆದಾರರೇ ಒಂದು ಡಿಕ್ಲರೇಷನ್‌ಗೆ ಸೈನ್ ಹಾಕಿ ಓನರ್‌ಗೆ ಕೊಡ್ಬೇಕಿತ್ತು, ಅದು ಗೊತ್ತಿಲ್ದೇ ಮನೆ ಕಳ್ಕೊಂಡೋರೂ ಇದ್ದಾರೆ. ಎಳೀತಾ ಎಳೀತಾ 2021ರ ಜುಲೈ ಕೊನೆವರೆಗೂ ಹೋಯ್ತು, ಆಗಸ್ಟ್‌ನಲ್ಲಿ ಇನ್ನೊಂದ್ ಸಲ ತಂದ್ರು, ಆಗಸ್ಟ್ 26ಕ್ಕೆ ಸುಪ್ರೀಂ ಕೋರ್ಟ್ ತಡೀತು.

ಇವೆರಡರಲ್ಲೂ ಒಂದು ರೂಪಾಯಿ, ಅಲ್ಲಲ್ಲ ಒಂದು ಡಾಲರ್ ಬಾಡಿಗೆನೂ ಮನ್ನಾ ಆಗಿಲ್ಲ. ಕಟ್ಟದೇ ಇದ್ದಿದ್ದೆಲ್ಲಾ ಸಾಲವಾಗಿ ಬೆಳೀತಾನೇ ಇತ್ತು. ಜನ ಯಾಕ್ ಕಟ್ತಾರೆ ಅಂದ್ರಲ್ಲ, ಇದಕ್ಕೇ.

ನೇರಮಾತು:
ಎಲ್ಲಾ ಸರಿ ಸಾರ್, ಆದ್ರೆ ದುಡ್ಡಿದ್ದೋರೂ ಕಟ್ಲಿಲ್ಲ ಅನ್ನೋದನ್ನ ಯಾರೂ ಹೇಳಲ್ಲ. ಎರಡು ಮೂರು ಮನೆ ಇಟ್ಕೊಂಡು ಆ ಬಾಡಿಗೇಲೇ ಬದುಕ್ತಿದ್ದ ಓನರ್‌ಗಳ ಕಥೆ ಏನು? ನಮ್ಮಲ್ಲೂ ಮಾರ್ಚ್ 29, 2020ಕ್ಕೆ ಗೃಹ ಇಲಾಖೆ ಆರ್ಡರ್ ಬಂತು, ವಲಸೆ ಕಾರ್ಮಿಕರ ಹತ್ರ ಒಂದು ತಿಂಗಳು ಬಾಡಿಗೆ ಕೇಳಂಗಿಲ್ಲ ಅಂತ. ಆರ್ಡರ್ ಏನೋ ಬಂತು, ಓನರ್‌ಗೆ ಅದನ್ನ ತುಂಬಿಕೊಡೋರು ಯಾರು ಅಂತ ಅದ್ರಲ್ಲಿ ಇರ್ಲಿಲ್ಲ. ಯಾರದೋ ಗಂಟಲ್ಲಿ ದಾನ ಮಾಡಿದ ಹಾಗೆ.

ಹಳೇ_ಲೆಡ್ಜರ್:
@ನೇರಮಾತು ನಿಮ್ಮ ಎರಡನೇ ಮಾತು ಒಪ್ತೀನಿ, ಮೊದಲನೇದು ಅಷ್ಟಾಗಿ ಇಲ್ಲ. ಇದ್ದೂ ಕಟ್ಟದೇ ಇದ್ದೋರು ಇದ್ರು, ಇಲ್ಲ ಅನ್ನಲ್ಲ. ಆದ್ರೆ ನಾನು ನೋಡಿದ ಖಾತೆಗಳಲ್ಲಿ ಜಾಸ್ತಿ ಜನ ಬೇರೆ ಏನನ್ನೋ ಬಿಟ್ಟು ಬಾಡಿಗೆ ಕಟ್ಟಿದ್ರು. ಕರೆಂಟ್ ಬಿಲ್ ಬಾಕಿ, ಕ್ರೆಡಿಟ್ ಕಾರ್ಡಲ್ಲಿ ಬಾಡಿಗೆ, ಅಣ್ಣನ ಹತ್ರ ಕೈಸಾಲ. ಲೆಡ್ಜರ್‌ನಲ್ಲಿ "ಪೂರ್ತಿ ಕಟ್ಟಿದಾರೆ" ಅಂತ ಕಾಣುತ್ತೆ, ಮನೆಯೊಳಗೆ ಏನ್ ನಡೀತಿದೆ ಅನ್ನೋದು ಫೋನ್ ಮಾಡಿದ್ರೆ ಮಾತ್ರ ಗೊತ್ತಾಗೋದು. ವಸೂಲಿ ಪರ್ಸೆಂಟೇಜ್ ಒಂದನ್ನೇ ನೋಡಿ "ಪರಿಸ್ಥಿತಿ ಅಷ್ಟೇನ್ ಕೆಟ್ಟಿಲ್ಲ" ಅಂತ ಬರೆದೋರನ್ನ ನಾನು ನಂಬಲ್ಲ.

ಫೋನ್ ವಿಷಯ ಹೇಳ್ಲೇಬೇಕು. ಬಾಕಿ ಇರೋರು ಆಫೀಸ್ ನಂಬರ್ ಕಂಡ್ರೆ ಎತ್ತಲ್ಲ. ಮ್ಯಾನೇಜರ್ ಬದಲು ರೆಸಿಡೆಂಟ್ ಸರ್ವೀಸಸ್‌ನೋರು, ಅಂದ್ರೆ ಮಕ್ಕಳ ಓದು, ಹಿರಿಯರ ಔಷಧಿ ಅಂತ ಮೊದಲಿಂದ ಪರಿಚಯ ಇದ್ದೋರು, ಅವ್ರ ಭಾಷೇಲೇ ಮಾತಾಡಿ "ಹೇಗಿದೀರಾ, ಕೆಲ್ಸ ಇದ್ಯಾ, ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕಿದೀರಾ" ಅಂತ ಕೇಳಿದ್ರೆ ಎತ್ತೋರು, ಆಮೇಲೆ ಬಾಡಿಗೆ ಮಾತು ಅವರೇ ತೆಗೆಯೋರು. ಬಾಕಿ ಒಂದು ತಿಂಗಳದ್ದಿರುವಾಗ ಮಾತಾಡಿದ್ರೆ ದಾರಿ ಇರುತ್ತೆ, ಆರು ತಿಂಗಳಾದ್ಮೇಲೆ ಜನ ಕೈ ಚೆಲ್ಲಿಬಿಡ್ತಾರೆ. ಆಫೀಸ್ ಮುಚ್ಚಿದ್ದಾಗ ಆನ್‌ಲೈನ್ ಕಟ್ಟಿ ಅನ್ನೋದೂ ಎಲ್ರಿಗೂ ಆಗ್ಲಿಲ್ಲ, ಬ್ಯಾಂಕ್ ಖಾತೆನೇ ಇಲ್ದೇ ಮನಿ ಆರ್ಡರ್‌ನಲ್ಲಿ (ಅಲ್ಲಿ ದುಡ್ಡು ಕೊಟ್ಟು ತಗೊಳ್ಳೋ ಚೆಕ್ ಥರದ ಚೀಟಿ) ಕಟ್ಟೋ ವಯಸ್ಸಾದೋರಿಗೆ ಬಾಗಿಲ ಹತ್ರ ಡ್ರಾಪ್ ಬಾಕ್ಸ್ ಉಳಿಸ್ಕೋಬೇಕಾಯ್ತು.

ಪ್ರಶ್ನೆಪುಟ್ಟಿ:
ತುಂಬಾ ಥ್ಯಾಂಕ್ಸ್ ಸಾರ್, ಈಗ ಸ್ವಲ್ಪ ಬಿಡಿಸ್ಕೊಂಡಂಗಾಯ್ತು. ಹಾಗಿದ್ರೆ ಆ ಬೆಳೆದ ಬಾಕಿ ಕೊನೆಗೆ ಯಾರು ತೀರಿಸಿದ್ರು? ಕಂತಲ್ಲಿ ಕಟ್ಟಿಸ್ಕೊಂಡ್ರಾ?

ಕಾನೂನುಕಟ್ಟೆ:
ದೊಡ್ಡ ಪಾಲು ಸರ್ಕಾರದ ದುಡ್ಡು. 2020ರ ಡಿಸೆಂಬರ್‌ನಲ್ಲಿ 25 ಬಿಲಿಯನ್ ಡಾಲರ್, 2021ರ ಮಾರ್ಚ್‌ನಲ್ಲಿ ಇನ್ನೂ 21.55 ಬಿಲಿಯನ್, ತುರ್ತು ಬಾಡಿಗೆ ಸಹಾಯ ಅಂತ ರಾಜ್ಯಗಳಿಗೂ ಸ್ಥಳೀಯ ಆಡಳಿತಕ್ಕೂ ಕೊಟ್ರು. ಏರಿಯಾದ ಮಧ್ಯಮ ಆದಾಯದ 80% ಒಳಗಿರೋರಿಗೆ, ಹಳೇ ಬಾಕಿ, ಮುಂದಿನ ಬಾಡಿಗೆ, ಕರೆಂಟ್ ಗ್ಯಾಸ್ ಬಿಲ್ ಎಲ್ಲಕ್ಕೂ ಸೇರಿ. ತೊಂದ್ರೆ ಆಗಿದ್ದು ಹಂಚೋದ್ರಲ್ಲಿ. ಎಷ್ಟೋ ಕಡೆ ಇದಕ್ಕೊಂದು ಆಫೀಸೇ ಇರ್ಲಿಲ್ಲ, ಸೊನ್ನೆಯಿಂದ ಕಟ್ಬೇಕಾಯ್ತು, ಜೊತೆಗೆ ಕೇಳಿದ ಕಾಗದ ಪತ್ರ ನೋಡಿದ್ರೆ ಯಾರಿಗಾದ್ರೂ ಸಾಕಾಗುತ್ತೆ. ಮೊದಲ 25 ಬಿಲಿಯನ್‌ನಲ್ಲಿ 2021ರ ಜೂನ್ ಕೊನೆಗೆ ಜನರಿಗೆ ತಲುಪಿದ್ದು ಬರೀ 3 ಬಿಲಿಯನ್ ಚಿಲ್ಲರೆ. ಆದಾಯದ ದಾಖಲೆ ಇಲ್ದಿದ್ರೆ ಬಾಡಿಗೆದಾರರ ಸ್ವಯಂ ಘೋಷಣೆ ಸಾಕು ಅಂತ ಟ್ರೆಷರಿ, ಅಂದ್ರೆ ಅಲ್ಲಿನ ಹಣಕಾಸು ಇಲಾಖೆ, ಒತ್ತಿ ಒತ್ತಿ ಹೇಳಿದ್ಮೇಲೆ ವೇಗ ಬಂತು.

ಹಳೇ_ಲೆಡ್ಜರ್:
ಕಂತಿನ ಬಗ್ಗೆ. ಮಾಡ್ಕೊಂಡ್ವಿ, ಆದ್ರೆ ಬಾಕಿನ ಹನ್ನೆರಡರಿಂದ ಭಾಗಿಸಿ ತಿಂಗಳ ಬಾಡಿಗೆಗೆ ಸೇರಿಸಿ ಕೊಟ್ಟ ಪ್ಲಾನ್‌ಗಳು ಹೆಚ್ಚಿನವು ಮುರಿದುಬಿದ್ವು, ಯಾಕಂದ್ರೆ ಮೊದಲಿನ ಬಾಡಿಗೆನೇ ಕಷ್ಟ ಇದ್ದೋರಿಗೆ ಅದಕ್ಕಿಂತ ಜಾಸ್ತಿ ಕಟ್ಟಿ ಅಂದಂಗಾಯ್ತು. ಈ ತಿಂಗಳದ್ದು ಕಟ್ಟಿ, ಹಳೇದಕ್ಕೆ ಕೈಲಾದಷ್ಟು ಸಣ್ಣ ಮೊತ್ತ, ಉಳಿದಿದ್ದಕ್ಕೆ ಸಹಾಯಧನದ ಅರ್ಜಿ ನಾವೇ ಕೂತು ತುಂಬಿಸ್ತೀವಿ ಅಂದಿದ್ದು ನಡೀತು. ಬಾಡಿಗೆದಾರರ ಸಹಿ ಇದ್ರೆ ಓನರೇ ಅರ್ಜಿ ಹಾಕೋಕೂ ಅವಕಾಶ ಇತ್ತು, ಲೀಸ್ ಕಾಪಿ, ಬಾಕಿ ಲೆಕ್ಕ ಎಲ್ಲಾ ನಮ್ಮ ಹತ್ರಾನೇ ಇದ್ದಿದ್ರಿಂದ ಅದು ಬೇಗ ಆಗ್ತಿತ್ತು. ಇದಕ್ಕೆ ಸ್ಟಾಫ್ ಬೇಕು ನೋಡಮ್ಮ, ಆ ಸಂಬಳ ಯಾವ ಸ್ಕೀಮಲ್ಲೂ ಸರಿಯಾಗಿ ಬರಲ್ಲ, ನನ್ನ ದೊಡ್ಡ ತಕರಾರು ಅದೇ.

ಇನ್ನೊಂದು, ಕೆಲವು ರಾಜ್ಯಗಳಲ್ಲಿ ಓನರ್ ಬಾಕಿ ಬಾಡಿಗೇಲಿ ಒಂದು ಭಾಗ ತಗೊಂಡ್ರೂ ನಡೀತಿರೋ ಖಾಲಿ ಮಾಡಿಸೋ ಕೇಸ್ ಬಿದ್ದುಹೋಗಬಹುದು, ಅದಕ್ಕೇ ಕೆಲವು ಓನರ್‌ಗಳು ಕೊಡೋಕೆ ಬಂದ ದುಡ್ಡನ್ನೂ ತಗೊಳ್ಳಲ್ಲ. ಇದನ್ನ ರಾಜ್ಯವಾರು ನೋಡ್ಕೊಂಡು ಬರಿ. ಸಹಾಯಧನದ ತಿಂಗಳವಾರು ಅಂಕಿ ಅಂಶ ಟ್ರೆಷರಿ ಸೈಟಲ್ಲಿ ಹಾಕಿದ್ರು, ನಿನ್ ಚಾರ್ಟ್‌ಗೆ ಅದೇ ಸಾಕಾಗುತ್ತೆ.