ಟೆರ್ರಿ ಪ್ರಾಚೆಟ್ ಅವರನ್ನು ಯಾವ ಪುಸ್ತಕದಿಂದ ಆರಂಭಿಸಬೇಕು? ಓದಿದವರು ತಿಳಿಸಿ

ಶಿವಮೊಗ್ಗದಿಂದ ಪ್ರಶ್ನೆ

ನಾನು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಉಪನ್ಯಾಸಕಿ. ನನ್ನ ಹನ್ನೆರಡು ವಿದ್ಯಾರ್ಥಿಗಳು ತಿಂಗಳಿಗೊಂದು ಕಾದಂಬರಿ ಓದಿ, ಕೊನೆಯ ಶನಿವಾರ ಸೇರಿ ಅದರ ಬಗ್ಗೆ ಮಾತನಾಡುತ್ತಾರೆ. ಹೋದ ತಿಂಗಳು ಬ್ರಿಟನ್ನಿನ ಫ್ಯಾಂಟಸಿ ಲೇಖಕ ಟೆರ್ರಿ ಪ್ರಾಚೆಟ್ ಅವರ ‘ಡಿಸ್ಕ್‌ವರ್ಲ್ಡ್’ ಸರಣಿಯ ಮೊದಲ ಪುಸ್ತಕ, 1983ರ ‘ದಿ ಕಲರ್ ಆಫ್ ಮ್ಯಾಜಿಕ್’ ಅನ್ನು ಓದಲು ಕೊಟ್ಟೆ. ಏಳು ಮಂದಿ ಅರ್ಧಕ್ಕೇ ಬಿಟ್ಟರು. ಒಬ್ಬ ಹುಡುಗಿಯಂತೂ ಮೆಚ್ಚಿ ಎರಡು ಸಲ ಓದಿದ್ದಾಳೆ. ಸರಣಿಯಲ್ಲಿ 41 ಕಾದಂಬರಿಗಳಿವೆ. ನಮ್ಮಲ್ಲಿ ಮೂರು ಪುಸ್ತಕಗಳಿಗೆ ಸಾಕಾಗುವಷ್ಟು ಹಣವಿದೆ. ಮುಂದುವರಿಸಲೇ, ಬಿಡಲೇ? ಇವರು ನಗಿಸುವುದಕ್ಕಷ್ಟೇ ಬರೆದವರೇ, ಅಥವಾ ಮಕ್ಕಳ ಮನಸ್ಸಿನಲ್ಲಿ ಉಳಿಯುವಂಥದ್ದು ಏನಾದರೂ ಇದೆಯೇ?

ಧಾರವಾಡದಿಂದ

ಬಿಡಬೇಡಿ ಮೇಡಂ. ನಾನೂ ಆ ಪುಸ್ತಕದಿಂದಲೇ ಆರಂಭಿಸಿ, ನಲವತ್ತನೆಯ ಪುಟದಲ್ಲಿ ಮುಚ್ಚಿಟ್ಟು, ಒಂಬತ್ತು ವರ್ಷ ಪ್ರಾಚೆಟ್ ಅವರ ಕಡೆ ತಿರುಗಿ ನೋಡಿರಲಿಲ್ಲ. ಅದು ಅಣಕಿಸುವುದು ಇಂಗ್ಲಿಷಿನಲ್ಲಿ ಅದಕ್ಕೂ ಮೊದಲು ಹೇರಳವಾಗಿ ಬಂದಿದ್ದ ಖಡ್ಗವೀರರ, ಮಾಂತ್ರಿಕರ ಕತೆಗಳನ್ನು. ನಾವು ಆ ಕತೆಗಳನ್ನು ಓದಿ ಬೆಳೆದವರಲ್ಲ. ಪ್ರಸಂಗವೇ ಗೊತ್ತಿಲ್ಲದವನು ಯಕ್ಷಗಾನದ ಹಾಸ್ಯಗಾರನ ಯಾವ ಮಾತಿಗೆ ನಗಬೇಕು?

ನನ್ನನ್ನು ಒಳಗೆ ಸೆಳೆದದ್ದು 1989ರ ‘ಗಾರ್ಡ್ಸ್! ಗಾರ್ಡ್ಸ್!’. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ ಸಿಕ್ಕಿತು. ಅರ್ಪಣೆಯ ಪುಟ ಓದಿ ಅಲ್ಲೇ ನಿಂತುಬಿಟ್ಟೆ. ಇಂಥ ಕತೆಗಳಲ್ಲಿ ಮೂರನೆಯ ಅಧ್ಯಾಯದ ಹೊತ್ತಿಗೆ ಕೋಣೆಗೆ ನುಗ್ಗಿ, ಒಬ್ಬೊಬ್ಬರಾಗಿ ನಾಯಕನ ಮೇಲೆ ಬಿದ್ದು, ಸಾಯುವುದಕ್ಕೆಂದೇ ಇರುವ ಕಾವಲು ಭಟರಿಗೆ ಆ ಪುಸ್ತಕವನ್ನು ಅರ್ಪಿಸಿದ್ದಾರೆ. ನಾನು ಕಂಪನಿ ನಾಟಕಗಳನ್ನು ನೋಡಿ ಬೆಳೆದವಳು. ರಾಜ “ಯಾರಲ್ಲಿ?” ಎಂದೊಡನೆ ಈಟಿ ಹಿಡಿದು ಬಂದು, “ಅಪ್ಪಣೆ ಪ್ರಭು” ಎಂದು ಹೊರಟುಹೋಗುವ ಆ ಇಬ್ಬರಿಗೂ ಮನೆ ಮಠ ಇದೆಯೇ, ಹೊತ್ತಿಗೆ ಸರಿಯಾಗಿ ಸಂಬಳ ಬರುತ್ತದೆಯೇ ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಪ್ರಾಚೆಟ್ ಯೋಚಿಸಿದ್ದಾರೆ. ಆ ಶೀರ್ಷಿಕೆಯನ್ನು ಕನ್ನಡಕ್ಕೆ ತಂದರೆ ‘ಯಾರಲ್ಲಿ! ಯಾರಲ್ಲಿ!’ ಎಂದೇ ತರಬೇಕು.

ಆ ಭಟರ ದಳಪತಿ ಸ್ಯಾಮ್ ವೈಮ್ಸ್. ಕತೆ ಆರಂಭವಾಗುವಾಗ ಕುಡಿದು ಚರಂಡಿಯಲ್ಲಿ ಬಿದ್ದಿರುತ್ತಾನೆ. ಊರಿಗೆ ಡ್ರ್ಯಾಗನ್ ಬರುತ್ತದೆ, ಅದೇ ರಾಜನೂ ಆಗುತ್ತದೆ. ತಿಂಗಳಿಗೊಂದು ಹೆಣ್ಣನ್ನು ಬಲಿ ಕೊಡಬೇಕೆಂದಾಗ ಊರಿನ ಗಣ್ಯರು ಮೇಜಿನ ಸುತ್ತ ಕುಳಿತು ಅದಕ್ಕೂ ಒಗ್ಗಿಕೊಳ್ಳುತ್ತಾರೆ. ಅಲ್ಲಿಯವರೆಗೆ ನಗುತ್ತಾ ಓದುತ್ತಿದ್ದವಳಿಗೆ ಕೈಕಾಲು ತಣ್ಣಗಾಯಿತು.

ಇದೇ ವೈಮ್ಸ್ 1993ರ ‘ಮೆನ್ ಅಟ್ ಆರ್ಮ್ಸ್’ ಕಾದಂಬರಿಯಲ್ಲಿ ಬೂಟಿನ ಲೆಕ್ಕ ಹಾಕುತ್ತಾನೆ. ಸಂಬಳ ತಿಂಗಳಿಗೆ 38 ಡಾಲರ್. ಒಳ್ಳೆಯ ಬೂಟಿಗೆ 50 ಡಾಲರ್; ಅದು ವರ್ಷಗಟ್ಟಲೆ ಬಾಳುತ್ತದೆ. ಅವನ ಕೈಗೆಟುಕುವುದು 10 ಡಾಲರಿನದು. ಸ್ವಲ್ಪ ಕಾಲದಲ್ಲೇ ಸವೆದು ಸೋರುತ್ತದೆ. ಹತ್ತು ವರ್ಷ ಕಳೆದರೆ ಬಡವನು ಬೂಟಿಗೆಂದೇ 100 ಡಾಲರ್ ಸುರಿದಿರುತ್ತಾನೆ, ಆದರೂ ಅವನ ಕಾಲು ಒದ್ದೆ. ನಾನು ಈ ಭಾಗವನ್ನು ಒಂಬತ್ತನೆಯ ತರಗತಿಯಲ್ಲಿ ಕನ್ನಡದಲ್ಲಿ ಹೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಅಕ್ಕಿಯನ್ನು ಮೂಟೆ ಲೆಕ್ಕದಲ್ಲಿ ತಂದರೆ ಅಗ್ಗ ಎಂದು ನಮ್ಮ ಅಮ್ಮನಿಗೂ ಗೊತ್ತು ಟೀಚರ್, ಒಂದೇ ಸಲಕ್ಕೆ ಅಷ್ಟು ಹಣ ಇರುವುದಿಲ್ಲ” ಎಂದ. ಮಕ್ಕಳ ಮನಸ್ಸಿನಲ್ಲಿ ಉಳಿಯುವುದು ಏನಿದೆ ಎಂದು ಕೇಳಿದಿರಲ್ಲ, ಇದಿದೆ.

ಉಡುಪಿಯಿಂದ

ಯಕ್ಷಗಾನದ ಮಾತು ಬಂದದ್ದರಿಂದ ಹೇಳುತ್ತಿದ್ದೇನೆ. ಪ್ರಸಂಗ ಗೊತ್ತಿಲ್ಲದ ಮಗುವೂ ಹಾಸ್ಯಗಾರ ರಂಗಕ್ಕೆ ಬಂದೊಡನೆ ನಗುತ್ತದೆ. ನಾನು ಹದಿನೇಳನೆಯ ವಯಸ್ಸಿನಲ್ಲಿ ಮೊದಲ ಪುಸ್ತಕವನ್ನೇ ಮೊದಲು ಓದಿದೆ, ಅದೇ ಸರಿ ಎಂದು ಈಗಲೂ ನಂಬಿದ್ದೇನೆ. ಬಾಹ್ಯಾಕಾಶದಲ್ಲಿ ಈಜುವ ಆಮೆ, ಅದರ ಬೆನ್ನ ಮೇಲೆ ನಾಲ್ಕು ಆನೆ, ಆನೆಗಳ ಮೇಲೆ ತಟ್ಟೆಯಂಥ ಭೂಮಿ. ಕೂರ್ಮವನ್ನೂ ದಿಗ್ಗಜಗಳನ್ನೂ ಕೇಳಿ ಬೆಳೆದ ನಮಗೆ ಇದಕ್ಕಿಂತ ಹತ್ತಿರದ ಬಾಗಿಲು ಯಾವುದು? ಅಜ್ಜಿಗೆ ಈ ಲೋಕದ ವಿವರ ಹೇಳಿದಾಗ, “ಉಳಿದ ನಾಲ್ಕು ಆನೆ ಎಲ್ಲಿ ಹೋದವು?” ಎಂದು ಕೇಳಿದ್ದರು. ಐದನೆಯದೊಂದು ಇತ್ತು, ಅದು ಜಾರಿ ನೆಲಕ್ಕೆ ಅಪ್ಪಳಿಸಿತು ಎಂಬ ಐತಿಹ್ಯ 1999ರ ‘ದಿ ಫಿಫ್ತ್ ಎಲಿಫೆಂಟ್’ ಕಾದಂಬರಿಯಲ್ಲಿ ಬಂದಾಗ ಅಜ್ಜಿ ಇರಬೇಕಿತ್ತು ಅನ್ನಿಸಿತು. ಎರಡು ಸಲ ಓದಿದ ಆ ಹುಡುಗಿಯ ಮಾತನ್ನೂ ಕೇಳಿ ಮೇಡಂ.

ಬೆಂಗಳೂರಿನಿಂದ

ನಾನು ಅನುವಾದಕಿ. 1987ರ ‘ಮಾರ್ಟ್’ ಕಾದಂಬರಿಯ ಅರುವತ್ತು ಪುಟಗಳನ್ನು ನನ್ನ ಸಂತೋಷಕ್ಕಾಗಿ ಕನ್ನಡಕ್ಕೆ ಮಾಡಿದ್ದೇನೆ. ಅದರಲ್ಲಿ ಸಾವು ಒಂದು ಪಾತ್ರ. ಮಾರ್ಟ್ ಎಂಬ ಹುಡುಗನನ್ನು ಕೆಲಸ ಕಲಿಯಲು ಇಟ್ಟುಕೊಳ್ಳುತ್ತಾನೆ. ಈ ಸಾವಿನ ಹೆಸರಿನಲ್ಲೇ ನಾನು ವಾರಗಟ್ಟಲೆ ಸಿಕ್ಕಿಬಿದ್ದೆ. ಯಮ ಎಂದರೆ ಕೋಣ, ಪಾಶ, ಚಿತ್ರಗುಪ್ತನ ಕಡತ ಎಲ್ಲವೂ ಬರುತ್ತವೆ. ಇವನು ಯಾರ ಪಾಪಪುಣ್ಯವನ್ನೂ ತೂಗುವುದಿಲ್ಲ. ಬೆಕ್ಕು ಕಂಡರೆ ಅಕ್ಕರೆ. ಏರುವುದು ಬಿಂಕಿ ಎಂಬ ಬಿಳಿ ಕುದುರೆಯನ್ನು, ಕನ್ನಡದ ಕಿವಿಗೆ ಅದು ಬಿಂಕದ ಕುದುರೆಯೇ. ಆದರೂ ನಚಿಕೇತನನ್ನು ಮನೆಯಲ್ಲಿ ಕೂರಿಸಿಕೊಂಡು ಪಾಠ ಹೇಳಿದ ಯಮ ನಮ್ಮಲ್ಲಿ ಇದ್ದಾನಲ್ಲ, ಅವನಿಗೂ ಇವನಿಗೂ ನಂಟಿದೆ ಎಂದುಕೊಂಡು ‘ಯಮ’ ಎಂದೇ ಉಳಿಸಿದೆ.

ದೊಡ್ಡ ತೊಡಕು ಬೇರೆ ಇತ್ತು. ಮೂಲದಲ್ಲಿ ಅವನ ಮಾತೆಲ್ಲ ದೊಡ್ಡಕ್ಷರದಲ್ಲಿ, ಉದ್ಧರಣ ಚಿಹ್ನೆಯಿಲ್ಲದೆ ಬರುತ್ತದೆ. ಕಿವಿಗೆ ಕೇಳಿಸುವುದಲ್ಲ, ನೇರವಾಗಿ ತಲೆಯೊಳಗೆ ಇಳಿಯುವುದು ಎಂಬ ಹಾಗೆ. ಕನ್ನಡದಲ್ಲಿ ದೊಡ್ಡಕ್ಷರ ಎಲ್ಲಿದೆ? ನಡುಗನ್ನಡದಲ್ಲಿ ಮಾತನಾಡಿಸಿ ನೋಡಿದೆ, ನಾಟಕದ ರಾಜನಂತಾಯಿತು. ದಪ್ಪ ಅಕ್ಷರ ಗದರಿಸಿದಂತಿತ್ತು. ಕೊನೆಗೆ ಅವನ ಪ್ರತಿ ಮಾತನ್ನೂ ಉದ್ಧರಣ ಚಿಹ್ನೆಯಿಲ್ಲದ ಬೇರೆ ಸಾಲಾಗಿಸಿದೆ, ಎಲ್ಲರಿಗೂ ‘ನೀವು’ ಎನ್ನಿಸಿದೆ. ರಾಜನಿಗೂ ‘ನೀವು’, ತಿರುಕನಿಗೂ ‘ನೀವು’, ಬೆಕ್ಕಿಗೂ ‘ನೀವು’. ಆಗ ಅವನು ಕನ್ನಡದಲ್ಲಿ ಉಸಿರಾಡಿದ. ಇಂಗ್ಲಿಷಿನಲ್ಲಿ ನನಗೆ ಕಾಣದಿದ್ದ ಅವನ ಸಮದೃಷ್ಟಿ ಆ ‘ನೀವು’ ಎಂಬಲ್ಲಿ ಕಂಡಿತು. ನಿಮ್ಮ ವಿದ್ಯಾರ್ಥಿಗಳಿಂದ ಒಂದು ಪುಟವನ್ನಾದರೂ ಅನುವಾದ ಮಾಡಿಸಿ. ಇಂಗ್ಲಿಷ್ ಶ್ಲೇಷೆಗಳು ಅಡ್ಡ ಬಂದರೆ ಹಾರಿಸಿ ಮುಂದೆ ಹೋಗಲಿ, ಕತೆ ನಿಲ್ಲುತ್ತದೆ.

ಮೈಸೂರಿನಿಂದ

ಎಲ್ಲರೂ ಹೊಗಳುತ್ತಿದ್ದೀರಿ. ಇಪ್ಪತ್ತೆಂಟು ಪುಸ್ತಕ ಓದಿದವನಾಗಿ ಒಂದು ಆಕ್ಷೇಪ ಹೇಳಲೇಬೇಕು. ಪ್ರಾಚೆಟ್ ಅವರಿಗೆ ಮಾತಿನ ಮೋಹ ಹೆಚ್ಚು. ಕಾವಲುಗಾರನೂ ಮಾಟಗಾತಿಯೂ ವ್ಯಾಪಾರಿಯೂ ಕೊನೆಗೆ ಒಂದೇ ಜಾಣತನದಲ್ಲಿ ಮಾತನಾಡುತ್ತಾರೆ. ವೈಮ್ಸ್ ಬರಬರುತ್ತಾ ತಪ್ಪೇ ಮಾಡದವನಾಗುತ್ತಾನೆ. ಚರಂಡಿಯಲ್ಲಿ ಬಿದ್ದಿದ್ದ ವೈಮ್ಸ್ ನನಗೆ ಹೆಚ್ಚು ಪ್ರಿಯ. 2011ರ ‘ಸ್ನಫ್’, 2013ರ ‘ರೇಝಿಂಗ್ ಸ್ಟೀಮ್’ ಇವುಗಳಲ್ಲಂತೂ ಪಾತ್ರಗಳು ಉಪನ್ಯಾಸಕ್ಕೆ ಇಳಿಯುತ್ತವೆ. ಅವನ್ನು ಮಕ್ಕಳಿಗೆ ಮೊದಲು ಕೊಡಬೇಡಿ.

ಒಂದೇ ಪುಸ್ತಕ ಕೊಳ್ಳುವುದಾದರೆ 1992ರ ‘ಸ್ಮಾಲ್ ಗಾಡ್ಸ್’ ಕೊಳ್ಳಿ. ಮುಂದಿನ ಹಿಂದಿನ ಯಾವ ಕತೆಯೂ ಬೇಡ. ಓಮ್ ಎಂಬ ಮಹಾದೇವರು ಭೂಮಿಗಿಳಿದಾಗ ಪುಟ್ಟ ಆಮೆಯಾಗಿಬಿಡುತ್ತಾನೆ. ಅವನ ಹೆಸರಿನಲ್ಲಿ ಭವ್ಯ ದೇಗುಲವಿದೆ, ಅಧಿಕಾರಿಗಳಿದ್ದಾರೆ, ಚಿತ್ರಹಿಂಸೆಯ ಕೋಣೆಗಳಿವೆ. ನಿಜವಾಗಿ ನಂಬುವವನು ಮಾತ್ರ ಇಡೀ ನಾಡಿನಲ್ಲಿ ಒಬ್ಬನೇ, ಓದು ಬರಹ ಬಾರದ ಬ್ರೂಥಾ. ಉಳಿದವರ ಭಕ್ತಿಯೆಲ್ಲ ಕಟ್ಟಡಕ್ಕೆ ಸಲ್ಲುತ್ತಿದೆ. ಸ್ಥಾವರ, ಜಂಗಮ ಎಂಬ ಎರಡು ಮಾತು ಬಲ್ಲ ಕನ್ನಡದ ಮಕ್ಕಳಿಗೆ ಈ ಕತೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮಂಗಳೂರಿನಿಂದ

ಮೈಸೂರಿನವರು ಕೊನೆಯ ಪುಸ್ತಕಗಳ ಬಗ್ಗೆ ಬರೆದದ್ದು ಸರಿ. ಅದರ ಹಿಂದಿನ ಕಾರಣವನ್ನೂ ಇಲ್ಲಿ ಸೇರಿಸುತ್ತೇನೆ. 2007ರ ಡಿಸೆಂಬರಿನಲ್ಲಿ ಪ್ರಾಚೆಟ್ ತಮಗೆ ಆಲ್ಝೈಮರ್ ಕಾಯಿಲೆಯ ಒಂದು ಅಪರೂಪದ ಬಗೆ ಇದೆಯೆಂದು ಬಹಿರಂಗಪಡಿಸಿದರು. ಅದು ಮಿದುಳಿನ ಹಿಂಭಾಗವನ್ನು ಮೊದಲು ಹಿಡಿಯುತ್ತದೆ. ಮಾತು, ನೆನಪು ಬಹುಮಟ್ಟಿಗೆ ಉಳಿದಿರುವಾಗಲೇ ಕಣ್ಣೆದುರಿನ ವಸ್ತು ಗುರುತು ಹತ್ತದಂತಾಗುತ್ತದೆ. ನನ್ನ ಅಮ್ಮನಿಗೂ ಅದೇ. ಮೂರು ಸಲ ಕನ್ನಡಕ ಬದಲಾಯಿಸಿದ ಮೇಲೆ ನಮಗೆ ಗೊತ್ತಾಯಿತು. ಲೋಟವನ್ನು ಮೇಜಿನ ಮೇಲಿಡಲು ಹೋಗಿ ಗಾಳಿಯಲ್ಲಿ ಬಿಡುತ್ತಿದ್ದರು.

ಕೀಲಿಮಣೆ ಕೈಗೆ ಸಿಗದಂತಾದ ಮೇಲೆ ಪ್ರಾಚೆಟ್ ತಮ್ಮ ಸಹಾಯಕರಿಗೂ ಕಂಪ್ಯೂಟರಿಗೂ ಬಾಯಲ್ಲಿ ಹೇಳಿ ಬರೆಸಿದರು. ಪಾತ್ರಗಳು ಉದ್ದಕ್ಕೆ ಮಾತನಾಡತೊಡಗಿದ್ದು ಅದಕ್ಕೇ ಇರಬಹುದು ಎಂದು ನನ್ನ ಊಹೆ. 2015ರ ಮಾರ್ಚ್ 12ರಂದು, 66ನೆಯ ವಯಸ್ಸಿನಲ್ಲಿ ತೀರಿಕೊಂಡರು. ‘ದಿ ಶೆಫರ್ಡ್ಸ್ ಕ್ರೌನ್’ ಆ ಬಳಿಕ ಬಂತು. ಅದರಲ್ಲಿ ಒಬ್ಬ ಮುದುಕಿ, ತನಗೆ ಇನ್ನು ಒಂದೇ ರಾತ್ರಿ ಉಳಿದಿದೆ ಎಂದು ತಿಳಿದು, ಯಾರಿಗೂ ತೊಂದರೆಯಾಗಬಾರದೆಂದು ಮನೆಯನ್ನೆಲ್ಲ ತೊಳೆದು ಒಪ್ಪ ಮಾಡಿ ಮಲಗುತ್ತಾಳೆ. ಅಮ್ಮನಿಗೆ ಆ ಪುಟಗಳನ್ನು ತುಳುವಿನಲ್ಲಿ ಹೇಳಿದೆ. “ಪಾತ್ರೆಯನ್ನೂ ತೊಳೆದಳೇ?” ಎಂದು ಕೇಳಿದರು. ತೊಳೆದಳು ಅಮ್ಮ ಎಂದೆ. ಬಿಗಿಯಾದ ಹೆಣಿಗೆ ಆ ಪುಸ್ತಕದಲ್ಲಿ ಇಲ್ಲ, ಒಪ್ಪುತ್ತೇನೆ. ನಾನು ಮತ್ತೆ ಮತ್ತೆ ಕೈಗೆತ್ತಿಕೊಳ್ಳುವುದು ಅದನ್ನೇ.

ಶಿವಮೊಗ್ಗದಿಂದ

ಎಲ್ಲರಿಗೂ ಕೃತಜ್ಞತೆ. ‘ಗಾರ್ಡ್ಸ್! ಗಾರ್ಡ್ಸ್!’, ‘ಸ್ಮಾಲ್ ಗಾಡ್ಸ್’, ‘ಮಾರ್ಟ್’ ಮೂರನ್ನೂ ತರಿಸುತ್ತಿದ್ದೇನೆ. ಉಡುಪಿಯವರ ಮಾತಿನಂತೆ, ಎರಡು ಸಲ ಓದಿದ ಹುಡುಗಿಯೇ ಈ ಸಲ ಆಮೆಯ ಭಾಗವನ್ನು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಲಿದ್ದಾಳೆ. ಬೆಂಗಳೂರಿನ ಮೇಡಂ, ನಿಮ್ಮ ಅರುವತ್ತು ಪುಟಗಳಲ್ಲಿ ಬೆಕ್ಕಿಗೆ ‘ನೀವು’ ಎನ್ನುವ ಪುಟವನ್ನು ಶನಿವಾರದೊಳಗೆ ಕಳುಹಿಸಿಕೊಡಲು ಸಾಧ್ಯವೇ?