ಸಹಾಯ ಬೇಕು: ಎಡಿಎಚ್‌ಡಿ ಪ್ರಶ್ನಾವಳಿ ತುಂಬಿಸಲು ಕನ್ನಡ, ತುಳು, ಮಲಯಾಳ ಬಲ್ಲವರು

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಕನ್ನಡ ಮಾಧ್ಯಮ ಮಕ್ಕಳ ಹೆತ್ತವರ ಜೊತೆ ಕೂತು, ಎಡಿಎಚ್‌ಡಿ (ಗಮನದ ಕೊರತೆ, ಅತಿ ಚಡಪಡಿಕೆಯ ತೊಂದರೆ) ಲಕ್ಷಣ ಗುರುತಿಸುವ ವ್ಯಾಂಡರ್‌ಬಿಲ್ಟ್ ಪ್ರಶ್ನಾವಳಿ ತುಂಬಿಸಲು ಜನ ಬೇಕಾಗಿದ್ದಾರೆ. ಮಕ್ಕಳ ವಯಸ್ಸು 6ರಿಂದ 12. ಮಲಯಾಳದಲ್ಲೂ ಮಾತಾಡಲು ಬಂದರೆ ಮುಂದೆ ಆಸ್ಪತ್ರೆಯಲ್ಲಿ ಅನುಕೂಲ.

ಹೆತ್ತವರ ಹಾಳೆಯಲ್ಲಿ 55 ಪ್ರಶ್ನೆ, ಅಧ್ಯಾಪಕರದ್ದರಲ್ಲಿ 43. ಮೊದಲ 9 ಗಮನದ ಬಗ್ಗೆ, ಮುಂದಿನ 9 ಚಡಪಡಿಕೆ, ದುಡುಕಿನ ಬಗ್ಗೆ. ಈ 18ಕ್ಕೆ ಅಂಕ 0 (ಎಂದೂ ಇಲ್ಲ) ಇಂದ 3 (ತುಂಬಾ ಸಲ). ಯಾವುದಾದರೂ ಒಂದು ಗುಂಪಿನ 9ರಲ್ಲಿ ಕನಿಷ್ಠ 6ಕ್ಕೆ 2 ಅಥವಾ 3 ಬಂದು, ಕಲಿಕೆಯಲ್ಲೋ ಒಡನಾಟದಲ್ಲೋ ತೊಂದರೆಯೂ ಕಂಡರೆ ತಜ್ಞರಿಗೆ ತೋರಿಸಬೇಕು. ಇಷ್ಟರಿಂದಲೇ ರೋಗನಿರ್ಣಯ ಆಗುವುದಿಲ್ಲ, ಇದನ್ನು ಹೆತ್ತವರಿಗೆ ಮೊದಲೇ ಹೇಳಿಬಿಡಿ.

ಎಡವುವುದು ಹೆಚ್ಚಾಗಿ ಇಲ್ಲಿ: ನಿನ್ನೆಯ ಗಲಾಟೆ ನೆನೆದು ಎಲ್ಲದಕ್ಕೂ 3 ಹಾಕುತ್ತಾರೆ. ಕೇಳಬೇಕಾದ್ದು ಕಳೆದ 6 ತಿಂಗಳ ನಡತೆ, ಅದೂ ಅದೇ ಪ್ರಾಯದ ಮಕ್ಕಳಿಗೆ ಹೋಲಿಸಿ. ಅಕ್ಕನಿಗೋ ಅಣ್ಣನಿಗೋ ಅಲ್ಲ. ಅಪ್ಪ, ಅಮ್ಮ ಬೇರೆ ಬೇರೆ ಹಾಳೆ ತುಂಬಿದರೆ ಒಳ್ಳೆಯದು. ಮಗು ಔಷಧಿ ತೆಗೆದುಕೊಳ್ಳುತ್ತಿದೆಯೇ ಎಂಬುದನ್ನೂ ಬರೆಸಿ.

ಶಾಲೆಯಲ್ಲಿ ಮಾತ್ರ ತೊಂದರೆಯೇ? ಕಾರಣ ಎಡಿಎಚ್‌ಡಿ ಆಗಿರದೆ ಓದು ಬರಹದ ಕಷ್ಟ ಇರಬಹುದು. ಮನೆಯಲ್ಲಿ ತುಳು ಮಾತ್ರ ಆಡುವ ಮಗುವಿಗೆ ಪಾಠವೇ ಅರ್ಥವಾಗದಿದ್ದರೂ ಗಮನ ಇಲ್ಲದಂತೆ ಕಾಣುತ್ತದೆ. ಕಿವಿ, ಕಣ್ಣಿನ ಪರೀಕ್ಷೆ ಆಗಿದೆಯೇ ವಿಚಾರಿಸಿ. ರಾತ್ರಿ ಗೊರಕೆ, ನಿದ್ದೆಗೆಡುವುದನ್ನೂ ಕೇಳಿ. ಮಾತಿನ ಮಧ್ಯೆ ಕೆಲವು ಸೆಕೆಂಡು ಶೂನ್ಯ ನೋಟದಲ್ಲಿ ನಿಂತುಬಿಡುವ ಮಗುವನ್ನು ತಡಮಾಡದೆ ವೈದ್ಯರಿಗೆ ತೋರಿಸಿ, ಅಪಸ್ಮಾರ ಇರಬಹುದು.

ಅಂಗನವಾಡಿ, ಶಾಲೆಯಲ್ಲಿ ದುಡಿದವರು, ನಿವೃತ್ತ ಟೀಚರ್‌ಗಳು ದಯವಿಟ್ಟು ಮುಂದೆ ಬನ್ನಿ. ನಿಮ್ಮ ಊರು, ಬರುವ ಭಾಷೆಗಳು, ಬಿಡುವಿನ ದಿನ ಇಲ್ಲೇ ಬರೆಯಿರಿ. ಮಕ್ಕಳ ಹೆಸರು, ಫೋಟೋ ಗ್ರೂಪಿಗೆ ಹಾಕಬೇಡಿ.