ದೇವಬಾಗದ ಬೀಚಿನ ಸೀನ್: ಶಾಟ್ ಬದಲಾದಲ್ಲೆಲ್ಲ ಅಲೆ ಹಾರುತ್ತಿದೆ, ಏನು ಮಾಡಲಿ?

ಅಂಕೋಲೆ ಬೂಮಕ್ಕ:

ನಾನು ಸಿನಿಮಾ, ಕಿರುಚಿತ್ರಗಳಿಗೆ ಲೊಕೇಶನ್ ಸೌಂಡ್ ರೆಕಾರ್ಡ್ ಮಾಡುತ್ತೇನೆ. ಯಾವ ಕಂಪನಿಯಲ್ಲೂ ಇಲ್ಲ, ಕರೆದಲ್ಲಿಗೆ ಹೋಗುವುದು. ಈ ಸಲ ತಪ್ಪು ನನ್ನದೇ ಅನಿಸುತ್ತಿದೆ. ಪೂರ್ತಿ ಹೇಳುತ್ತೇನೆ, ಬೈಯುವುದಿದ್ದರೆ ಆಮೇಲೆ ಬೈಯಿರಿ.

ಅಮಾವಾಸ್ಯೆಯ ಮಾರನೇ ದಿನ ಕಾರವಾರದ ದೇವಬಾಗದಲ್ಲಿ ಶೂಟಿಂಗ್ ಇತ್ತು. ಬೆಳಿಗ್ಗೆ ನಾಲ್ಕೂವರೆಗೆ ಅಂಕೋಲೆಯಿಂದ ನನ್ನ ಓಮ್ನಿ ಹೊರಟಿತು. ಬೂಮ್ (ಉದ್ದ ಕೋಲಿನ ತುದಿಯ ಮೈಕ್) ಹಿಡಿಯುವ ಹುಡುಗನಿಗೆ ಜ್ವರ. ಹಾಗಾಗಿ ರೆಕಾರ್ಡರ್ ಹೆಗಲಿಗೆ, ಬೂಮ್ ಕೈಗೆ, ಎರಡೂ ನಾನೇ.

ಸೀನ್ ಸುಲಭದ್ದು. ಅಮ್ಮ, ಮಗ ನೀರಿನ ಅಂಚಿನಲ್ಲಿ ನಿಂತು ಮನೆ ಮಾರುವ ಮಾತಾಡುತ್ತಾರೆ. ಏಳು ಗಂಟೆಗೆ ಅಮ್ಮನ ಕಡೆಯ ಶಾಟ್ ಎಲ್ಲ ತೆಗೆದರು. ನೀರು ದೂರದಲ್ಲಿತ್ತು. ಗಾಳಿ ಇನ್ನೂ ನೆಲದ ಕಡೆಯಿಂದ ಬೀಸುತ್ತಿತ್ತು. ಮಾತು ಒಂದೊಂದೂ ಬಿಡಿಸಿ ಕೇಳುತ್ತಿತ್ತು.

ಆಮೇಲೆ ರಂಪಣಿಯವರು ಬಂದರು. ಬಲೆ ಎಳೆಯಲು ಎರಡೂ ಕಡೆ ಸಾಲಾಗಿ ಜನ, ಒಬ್ಬ ಕೂಗಿದರೆ ಉಳಿದವರು ಕೂಗಬೇಕು. ಮ್ಯಾನೇಜರ್ ನನ್ನ ಮುಖ ನೋಡಿದರು. ಹೊಟ್ಟೆಪಾಡಿಗೆ ಬಲೆ ಎಳೆಯುವವರಿಗೆ ಸುಮ್ನಿರಿ ಅನ್ನೋಕೆ ನಾವು ಯಾರು? ಕಾದೆವು.

ಮಗನ ಶಾಟ್ ಶುರುವಾದಾಗ ಹನ್ನೊಂದು. ಅಷ್ಟೊತ್ತಿಗೆ ಭರತಿ ಏರಿ ನೀರು ಟ್ರೈಪಾಡ್ ಹತ್ತಿರ ಬಂದಿತ್ತು. ಕಡಲಗಾಳಿ ಎದ್ದು ಗಾಳಿಮರಗಳೆಲ್ಲ ಸುಂಯ್ ಅನ್ನುತ್ತಿದ್ದವು. ಮೈಕಿಗೆ ತುಪ್ಪಳದ ಹೊದಿಕೆ ಹಾಕಿದ್ದೆ, ಗಾಳಿಯೇನೋ ಬಡಿಯಲಿಲ್ಲ. ಅಲೆಗೆ ಹೊದಿಕೆ ಎಲ್ಲಿದೆ?

ಸಂಜೆ ಸದಾಶಿವಗಡದ ಒಂದು ಮನೆಯಲ್ಲಿ ಕೆಲಸ. ಫ್ಯಾನ್ ಬಂದ್, ಫ್ರಿಜ್ ಬಂದ್. ಓಮ್ನಿ ಕೀಲಿ ಫ್ರಿಜ್ ಒಳಗೆ. ಪ್ರತಿ ಟೇಕಿಗೂ ಮೀನಿನ ಸ್ಕೂಟರಿನ ಹಾರ್ನ್. ಕೊನೆಗೆ ಎಲ್ಲರನ್ನೂ ಒಂದು ನಿಮಿಷ ಕಲ್ಲಾಗಿ ನಿಲ್ಲಿಸಿ ಆಮೇಲೆ ಮಾತಿನ ಅಡಿಯಲ್ಲಿ ಹಾಸಲು ಕೋಣೆಯ ಬರೀ ಸದ್ದು ಹಿಡಿದೆ. ಬೀಚಿನಲ್ಲಿ ಮಾತ್ರ ಹಿಡಿಯಲಿಲ್ಲ. ಯಾರೋ ಊಟ ಎಂದರು, ನಾನೂ ಬೂಮ್ ಇಳಿಸಿಬಿಟ್ಟೆ.

ಒಂಬತ್ತು ದಿನ ಆಯಿತು. ನಿನ್ನೆ ಎಡಿಟರ್ ಫೋನ್: "ಅಮ್ಮ ಮಾತಾಡಿದರೆ ಕಡಲು ಮಲಗಿರುತ್ತದೆ, ಮಗ ಬಾಯಿ ತೆಗೆದರೆ ಎದ್ದು ಬರುತ್ತದೆ." 120 ಹರ್ಟ್ಸ್‌ಗಿಂತ ಕೆಳಗಿನ ದಪ್ಪ ಸದ್ದನ್ನೆಲ್ಲ ಕತ್ತರಿಸಿ ನೋಡಿದೆ. ಮಗನ ದನಿ ತೆಳ್ಳಗಾಯಿತು, ಅಲೆ ಅಲ್ಲೇ ಇದೆ. ಡಬ್ಬಿಂಗ್ ಇಲ್ಲದೆ ಉಳಿಸಿಕೊಳ್ಳಬಹುದಾ?

ಸುಮ್ನೆ ಬಂದವ:

ಎಐ ಟೂಲ್ ಹಾಕಿ. ಎರಡು ನಿಮಿಷದ ಕೆಲಸ.

ಶಿರಸಿ ಮಾಣಿ:

ಮೇಲಿನವರ ಮಾತು ಕೇಳಿ ಪೂರ್ತಿ ತೆಗೆಯಲು ಹೋಗಬೇಡಿ ಅಕ್ಕ. ಕೊಡಪಾನದೊಳಗೆ ತಲೆ ಹಾಕಿ ಮಾತಾಡಿದಂತೆ ಆಗುತ್ತದೆ. ಸ್ವಲ್ಪ ಮಾತ್ರ ಇಳಿಸಿ.

ಕೆಳಗಿನದನ್ನು ಕತ್ತರಿಸಿದರೆ ಲಾರಿ, ಜನರೇಟರ್ ಗುರ್ ಅನ್ನುವುದು ಹೋಗುತ್ತದೆ. ಅಲೆ ಹಾಗಲ್ಲ. ಅದರ ನೊರೆ ಸದ್ದು ಕೆಳಗಿನಿಂದ ಮೇಲಿನವರೆಗೆ ಹರಡಿರುತ್ತದೆ, ಮಾತು ಇರುವ ಜಾಗದಲ್ಲೇ ಕೂತಿರುತ್ತದೆ.

ನಾನು ಬೆಂಗಳೂರಲ್ಲಿ ಮಿಕ್ಸಿಂಗ್ ಕೂತಾಗ ಉಲ್ಟಾ ಮಾಡುತ್ತೇನೆ. ತೆಗೆಯುವ ಬದಲು ಸೇರಿಸುವುದು. ಸೀನ್ ಶುರುವಿನಿಂದ ಕೊನೆವರೆಗೆ ಒಂದೇ ಅಲೆಯ ಸದ್ದನ್ನು ಅಡಿಯಲ್ಲಿ ಹಾಸಿ. ಮಗನ ಶಾಟಿನ ಅಲೆ ಅದರೊಳಗೆ ಮುಳುಗುವಷ್ಟು ಜೋರಿರಲಿ. ಮಾತಿನ ಟ್ರ್ಯಾಕನ್ನು ಶಾಟ್ ಬದಲಾದಲ್ಲೇ ಕತ್ತರಿಸದೆ ಸ್ವಲ್ಪ ಮೊದಲೇ ಮೆಲ್ಲಗೆ ಏರಿಸಿ, ದಾಟಿದ ಮೇಲೆ ಮೆಲ್ಲಗೆ ಇಳಿಸಿ. ಕಡಲು ಸ್ವಲ್ಪ ಜಾಸ್ತಿ ಕೇಳಿದರೆ ನೋಡುವವರು ಏನೂ ಅನ್ನುವುದಿಲ್ಲ, ಕಣ್ಣೆದುರೇ ಇದೆಯಲ್ಲ.

ಪ್ರತಿ ಟೇಕಿನ ಬಾಲ ಕೇಳಿದಿರಾ? ಮಾತು ಮುಗಿದ ಮೇಲೆ "ಕಟ್" ಹೇಳುವವರೆಗೆ ಬರೀ ಅಲೆ ಇರುತ್ತದೆ, ಅಡಿಯಲ್ಲಿ ಹಾಸಲು ಅದನ್ನೇ ಬಳಸಬಹುದು.

ಮಗನಿಗೆ ಲೇಪಲ್ ಮೈಕ್ (ಅಂಗಿಗೆ ಸಿಕ್ಕಿಸುವ ಪುಟ್ಟ ಮೈಕ್) ಹಾಕಿದ್ದಿರಾ? ಬೆನ್ನು ಕಡಲಿಗಿದ್ದರೆ ಅವನ ಮೈಯೇ ಅಡ್ಡ ನಿಂತಿರುತ್ತದೆ, ಬೂಮ್‌ಗಿಂತ ಅದೇ ಚೆನ್ನಾಗಿರಬಹುದು. ಇನ್ನೊಮ್ಮೆ ಹೀಗಾದರೆ ಶಾಟ್ ಆದ ಕೂಡಲೇ ನಟರನ್ನು ಓಮ್ನಿಯಲ್ಲಿ ಕೂರಿಸಿ, ಗಾಜು ಏರಿಸಿ, ಅದೇ ಮಾತು ಎರಡು ಸಲ ಹೇಳಿಸಿಕೊಳ್ಳಿ. ಹದಿನೈದು ದಿನ ಬಿಟ್ಟು ಡಬ್ಬಿಂಗ್‌ನಲ್ಲಿ ಆ ಉಸಿರು ಬರುವುದಿಲ್ಲ.

ಬೈತಖೋಲದವ:

ನನಗೆ ಸೌಂಡ್ ಗೊತ್ತಿಲ್ಲ, ನೀರು ಗೊತ್ತು. ತಂಗಿ, ಅಲೆ ಹಿಡಿಯಲು ನಾಳೆಯೇ ಓಡಬೇಡ. ಭರತಿ ದಿನಾ ಸುಮಾರು 50 ನಿಮಿಷ ತಡವಾಗುತ್ತದೆ. ನಾಳೆ ಏಳಕ್ಕೆ ಹೋದರೆ ಆವತ್ತಿನ ಏಳರ ನೀರು ಸಿಗುವುದಿಲ್ಲ. ಅಮಾವಾಸ್ಯೆಯ ಮಾರನೇ ದಿನ ಶೂಟಿಂಗ್ ಅಂದೆಯಲ್ಲ, ಹುಣ್ಣಿಮೆಯ ಮಾರನೇ ದಿನ ಹೋಗು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಅದೇ ನೀರು ಇರುತ್ತದೆ. ಗಾಳಿ ಮಾತ್ರ ನನ್ನ ಕೈಲಿಲ್ಲ.

ಮತ್ತೆ ಕೀಲಿ ಫ್ರಿಜ್ಜಿನಲ್ಲಿ ಯಾಕಿಟ್ಟೆ ಮಾರಾಯ್ತಿ?

ಅಂಕೋಲೆ ಬೂಮಕ್ಕ:

ಬೈತಖೋಲದ ಅಣ್ಣ, ಕೀಲಿ ಫ್ರಿಜ್ಜಿನಲ್ಲಿದ್ದರೆ ಅದನ್ನು ತೆಗೆಯದೆ ಮನೆಗೆ ಹೋಗೋಕಾಗಲ್ಲ. ತೆಗೆಯುವಾಗ ಫ್ರಿಜ್ ಮತ್ತೆ ಆನ್ ಮಾಡೋದು ನೆನಪಾಗುತ್ತದೆ. ಒಮ್ಮೆ ಮರೆತು ಒಬ್ಬರ ಮನೆಯ ಎರಡು ಕೆಜಿ ಬಂಗಡೆ ಹಾಳು ಮಾಡಿದ್ದೆ. ದುಡ್ಡು ನನ್ನ ಸಂಬಳದಲ್ಲೇ ಹಿಡಿದರು.

ಹುಣ್ಣಿಮೆಯ ಮಾರನೇ ದಿನಕ್ಕೆ ಇನ್ನು ಆರು ದಿನ. ಏಳಕ್ಕೊಮ್ಮೆ, ಹನ್ನೊಂದಕ್ಕೊಮ್ಮೆ, ಹತ್ತತ್ತು ನಿಮಿಷ ಹಿಡಿದುಕೊಂಡು ಬರುತ್ತೇನೆ. ಪೆಟ್ರೋಲ್ ದುಡ್ಡು ಕೇಳಿದೆ, "ನೋಡೋಣ" ಅಂದಿದ್ದಾರೆ. ಅದರ ಅರ್ಥ ಎಲ್ಲರಿಗೂ ಗೊತ್ತು, ಅಲ್ವಾ?

ಮಾಣಿ, ಮಗನ ಲೇಪಲ್ ಕೇಳಿದೆ. ನೀವು ಹೇಳಿದ್ದು ಸರಿ, ನಾಲ್ಕರಲ್ಲಿ ಮೂರು ಟೇಕ್ ಬಚಾವ್. ಟೇಕಿನ ಬಾಲಗಳನ್ನೂ ರಾತ್ರಿ ಕೂತು ಹುಡುಕಿದೆ. ನಮ್ಮ ನಿರ್ದೇಶಕರು ಕಟ್ ಹೇಳೋದು ತಡ, ಮೊದಲ ಸಲ ಅದರಿಂದ ಉಪಕಾರ ಆಯಿತು. ಹನ್ನೊಂದರ ನೀರಿನದು ಎಲ್ಲಕ್ಕಿಂತ ಉದ್ದದ ತುಂಡು 38 ಸೆಕೆಂಡ್ ಇದೆ. ಕೊನೆಯಲ್ಲಿ ಯಾರೋ ಕೆಮ್ಮಿದ್ದಾರೆ. ಎರಡು ಸಲ ಕೇಳಿದೆ. ನಾನೇ.